ಉಬ್ಬರದ ಉಬ್ಬು ಚಂದ್ರನ ನೇರಕ್ಕಿಲ್ಲ, ಸ್ವಲ್ಪ ಮುಂದಿದೆ

ಘಟ್ಟದ ಮೇಲಿನ ನಮಗೆ ಉಬ್ಬರ ಇಳಿತ ಅಂದರೆ ಪುಸ್ತಕದ ಚಿತ್ರ ಅಷ್ಟೇ. ತೀರ್ಥಹಳ್ಳಿಯಲ್ಲಿ ತುಂಗೆ ಏರೋದು ಮಳೆಗೆ, ಚಂದ್ರನಿಗಲ್ಲ. ನಾನು ಮೊದಲು ಕಣ್ಣಾರೆ ನೋಡಿದ್ದು ಹೊನ್ನಾವರದಲ್ಲಿ. ನಮ್ಮ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಅಷ್ಟು ರಭಸವಾಗಿ ಧುಮುಕಿ ಹೋದ ಶರಾವತಿ ಅಲ್ಲಿ ಹಿಂದಕ್ಕೆ ಹರಿಯುತ್ತಿತ್ತು. ಒಂದು ತೆಂಗಿನಕಾಯಿ ಸಿಪ್ಪೆ ಸಮುದ್ರಕ್ಕೆ ಹೋಗೋದು ಬಿಟ್ಟು ನಿಧಾನಕ್ಕೆ ಗೇರುಸೊಪ್ಪೆ ದಿಕ್ಕಿಗೆ ತೇಲಿತ್ತು. ಇದೇ ನೀರು ಭೂಮಿಗೆ ಬ್ರೇಕ್ ಹಾಕುತ್ತಿದೆ ಅಂತ ಗೊತ್ತಾಗಿದ್ದು ಆಮೇಲೆ, ಓದುವಾಗ.

ಉಬ್ಬು ಎರಡು ಇರುತ್ತವೆ. ಚಂದ್ರನ ಕಡೆಯ ನೀರನ್ನು ಅವನು ಜಾಸ್ತಿ ಎಳೆಯುತ್ತಾನೆ, ಆಚೆ ಬದಿಯ ನೀರನ್ನು ಕಡಿಮೆ, ಹಾಗಾಗಿ ಎರಡೂ ಕಡೆ ಉಬ್ಬುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಡವೋದು ಮುಂದೆ.

ಪುಸ್ತಕದ ಚಿತ್ರದಲ್ಲಿ ಉಬ್ಬು ಸರಿಯಾಗಿ ಚಂದ್ರನ ನೇರಕ್ಕೆ ಇರುತ್ತದೆ. ಹಾಗೇ ಇದ್ದಿದ್ದರೆ ಭೂಮಿಯ ವೇಗ ಒಂಚೂರೂ ಬದಲಾಗುತ್ತಿರಲಿಲ್ಲ! ಭೂಮಿ ದಿನಕ್ಕೊಂದು ಸುತ್ತು ಹಾಕುತ್ತದೆ, ಚಂದ್ರನಿಗೆ ಒಂದು ಸುತ್ತಿಗೆ 27 ದಿನ ಬೇಕು. ನೀರು ತಕ್ಷಣ ಹೊಂದಿಕೊಳ್ಳಲ್ಲ, ತಳಕ್ಕೆ ದಡಕ್ಕೆ ಉಜ್ಜಿಕೊಂಡು ತಡ ಮಾಡುತ್ತದೆ, ಅಷ್ಟರಲ್ಲಿ ಭೂಮಿ ಉಬ್ಬನ್ನು ತನ್ನ ಜೊತೆ ಎಳೆದುಕೊಂಡು ಮುಂದೆ ಹೋಗಿರುತ್ತದೆ. ಸರಳ ಲೆಕ್ಕದಲ್ಲಿ ಸುಮಾರು 3 ಡಿಗ್ರಿ. (ನಿಜವಾದ ಸಮುದ್ರದಲ್ಲಿ ಖಂಡಗಳು ಅಡ್ಡ ಬರುವುದರಿಂದ ಇಷ್ಟು ಚಂದದ ಉಬ್ಬು ಇರಲ್ಲ, ಆದರೆ ಒಟ್ಟು ಪರಿಣಾಮ ಇದೇ.)

ಈಗ ಹತ್ತಿರದ ಉಬ್ಬನ್ನು ಚಂದ್ರ ಹಿಂದಕ್ಕೆ ಎಳೆಯುತ್ತಾನೆ. ಆಚೆಯದನ್ನು ಮುಂದಕ್ಕೆ ಎಳೆಯುತ್ತಾನೆ, ಆದರೆ ಅದು ದೂರ ಇರೋದರಿಂದ ಆ ಎಳೆತ ಕಡಿಮೆ. ಕೂಡಿ ಕಳೆದರೆ ಉಳಿಯೋದು ಬ್ರೇಕ್. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಥರ ಕಾಣುವಂಥದ್ದಲ್ಲ. ಒಂದು ಶತಮಾನ ಕಳೆದರೆ ದಿನ ಸುಮಾರು 2 ಮಿಲಿಸೆಕೆಂಡ್ ಉದ್ದವಾಗುತ್ತದೆ. ನಾನು ಒಮ್ಮೆ ಪರೀಕ್ಷೆಯಲ್ಲಿ ಇದನ್ನು ವರ್ಷಕ್ಕೆ ಅಂತ ಬರೆದು ಅಂಕ ಕಳೆದುಕೊಂಡಿದ್ದೇನೆ, ನೀವು ಹಾಗೆ ಮಾಡಬೇಡಿ.

ಭೂಮಿ ಕಳೆದುಕೊಂಡ ಕೋನೀಯ ಸಂವೇಗ (ತಿರುಗುವ ವಸ್ತುವಿನಲ್ಲಿರುವ ತಿರುಗುವಿಕೆಯ ಮೊತ್ತ, ಅದು ಸುಮ್ಮನೆ ಮಾಯವಾಗಲ್ಲ) ಎಲ್ಲಿಗೆ ಹೋಯಿತು? ಚಂದ್ರನಿಗೆ. ಮುಂದಿರುವ ಉಬ್ಬು ಅವನನ್ನು ಮುಂದಕ್ಕೆ ಎಳೆಯುತ್ತದೆ. ಹಾಗಾದರೆ ಅವನ ವೇಗ ಹೆಚ್ಚಬೇಕಲ್ವಾ? ಇಲ್ಲ, ನನಗೂ ಇದು ತುಂಬಾ ದಿನ ತಲೆಗೆ ಹೋಗಿರಲಿಲ್ಲ. ಶಕ್ತಿ ಸಿಕ್ಕಿದಾಗ ಅವನು ಹೊರಗಿನ ಕಕ್ಷೆಗೆ ಏರುತ್ತಾನೆ, ಅಲ್ಲಿ ಸುತ್ತುವ ವೇಗವೇ ಕಡಿಮೆ. 1969ರಲ್ಲಿ ಅಪೊಲೊ 11ರವರು ಇಟ್ಟು ಬಂದ ಪ್ರತಿಫಲಕಕ್ಕೆ ಲೇಸರ್ ಬಿಟ್ಟು ಅಳೆದಿದ್ದಾರೆ. ಅವನು ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಹವಳದ್ದು. ಅಡಿಕೆ ಮರದ ಮೈಮೇಲೆ ಸೋಗೆ ಬಿದ್ದಲ್ಲೆಲ್ಲ ಒಂದು ಉಂಗುರ ಉಳಿಯುತ್ತದಲ್ಲ, ಹಾಗೆ ಹವಳದ ಮೇಲೆ ದಿನಕ್ಕೊಂದು ಸಣ್ಣ ಗೆರೆ ಬೀಳುತ್ತದೆ. 1963ರಲ್ಲಿ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಡೆವೋನಿಯನ್ ಕಾಲದ, ಅಂದರೆ ಸುಮಾರು 40 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಯಲ್ಲಿ ಗೆರೆ ಎಣಿಸಿದರು. ವರ್ಷಕ್ಕೆ ಸುಮಾರು 400 ಬಂತು. ವರ್ಷದ ಉದ್ದ ಬದಲಾಗಿಲ್ಲ, ಅದು 8766 ಗಂಟೆ. 400ರಿಂದ ಭಾಗಿಸಿ ನೋಡಿ. ಆಗಿನ ದಿನಕ್ಕೆ 22 ಗಂಟೆ!

ಕ್ರಿ.ಪೂ. 136ರಲ್ಲಿ ಬ್ಯಾಬಿಲೋನಿನವರು ಪೂರ್ಣ ಸೂರ್ಯಗ್ರಹಣ ನೋಡಿ ಬರೆದಿಟ್ಟಿದ್ದಾರೆ. ಭೂಮಿ ಯಾವತ್ತೂ ಇವತ್ತಿನ ವೇಗದಲ್ಲೇ ತಿರುಗಿದ್ದರೆ ಅದು ಅಲ್ಲಿ ಕಾಣುತ್ತಲೇ ಇರಲಿಲ್ಲ, ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಕಾಣಬೇಕಿತ್ತು. ದಿನಕ್ಕೆ ಮಿಲಿಸೆಕೆಂಡ್ ಲೆಕ್ಕದ ವ್ಯತ್ಯಾಸ ಎರಡು ಸಾವಿರ ವರ್ಷ ಸೇರುತ್ತಾ ಹೋಗಿ ಮೂರು ಗಂಟೆ ದಾಟಿದೆ.

ಭೂಮಿ ಚಂದ್ರನಿಗೂ ಇದೇ ಬ್ರೇಕ್ ಹಾಕಿ ಮುಗಿಸಿದೆ, ಅವನು ಈಗ ಒಂದು ಸಲ ಸುತ್ತಿ ಬರುವಷ್ಟರಲ್ಲಿ ತನ್ನ ಸುತ್ತ ಒಂದೇ ಸಲ ತಿರುಗುತ್ತಾನೆ. ಅದಕ್ಕೇ ನಮಗೆ ಅವನ ಒಂದೇ ಮುಖ ಕಾಣೋದು. ಪ್ಲೂಟೊ ಮತ್ತು ಅದರ ಚಂದ್ರ ಶಾರನ್ ಅಂತೂ ಇಬ್ಬರೂ ಕಟ್ಟಿಬಿದ್ದು 6.4 ದಿನಕ್ಕೊಮ್ಮೆ ಎದುರುಬದುರಾಗೇ ತಿರುಗುತ್ತಿವೆ.

ಅರ್ಥ ಆಗಿದೆಯಾ ಅಂತ ನೋಡಿಕೊಳ್ಳೋಕೆ ಮಂಗಳನ ಚಂದ್ರ ಫೋಬೋಸ್ ತಗೊಳ್ಳಿ. ಮಂಗಳ ತಿರುಗೋಕೆ ಇಪ್ಪತ್ತನಾಲ್ಕೂವರೆ ಗಂಟೆ, ಫೋಬೋಸ್ ಸುತ್ತೋಕೆ ಎಂಟು ಗಂಟೆಯೂ ಬೇಡ. ಅಲ್ಲಿ ಸಮುದ್ರ ಇಲ್ಲ, ಕಲ್ಲೇ ಒಂಚೂರು ಉಬ್ಬುತ್ತದೆ. ಈಗ ಉಬ್ಬು ಮುಂದಿರುತ್ತದಾ ಹಿಂದಾ? ಹಿಂದೆ. ಹಾಗಾಗಿ ಫೋಬೋಸ್ ಶಕ್ತಿ ಕಳೆದುಕೊಂಡು ಒಳಕ್ಕೆ ಇಳಿಯುತ್ತಿದೆ, ಇನ್ನು ಮೂರರಿಂದ ಐದು ಕೋಟಿ ವರ್ಷದಲ್ಲಿ ಒಡೆದು ಚೂರಾಗುತ್ತದೆ ಅಥವಾ ಮಂಗಳನಿಗೇ ಬಂದು ಬಡಿಯುತ್ತದೆ.