ತೈಲಕ್ಕೂ ಮೊದಲು ಬಂದ ಕಾನೂನು: ನಾರ್ವೆಯ ಆರ್ಥಿಕತೆ ನಡೆದು ಬಂದ ದಾರಿ

ನಾರ್ವೆಯ ಸಿರಿವಂತಿಕೆಗೆ ತೈಲವೇ ಕಾರಣ ಎಂಬುದು ಅರ್ಧ ಸತ್ಯ. ತೈಲ ನೈಜೀರಿಯಾದಲ್ಲಿಯೂ ಇದೆ, ವೆನೆಜುವೆಲಾದಲ್ಲಂತೂ ಧಾರಾಳವಾಗಿದೆ. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ಈ ದೇಶದ ಸರ್ಕಾರಿ ನಿಧಿಯು ಇಂದು ಜಗತ್ತಿನ ಷೇರುಪೇಟೆಗಳಲ್ಲಿರುವ ಒಟ್ಟು ಷೇರುಗಳ ಪೈಕಿ ಸುಮಾರು ಶೇ 1.5ರಷ್ಟಕ್ಕೆ ಒಡೆಯನಾಗಿರುವುದು ಹೇಗೆ ಎಂದು ತಿಳಿಯಲು, ತೈಲದ ಸುಳಿವೇ ಇಲ್ಲದಿದ್ದ ಕಾಲದಿಂದ ಆರಂಭಿಸಬೇಕಾಗುತ್ತದೆ.

1905ರಲ್ಲಿ ಸ್ವೀಡನ್ನಿನಿಂದ ಬೇರ್ಪಟ್ಟಾಗ ನಾರ್ವೆ ಬಡ ದೇಶವಾಗಿತ್ತು. ಮೀನು, ಮರ, ಹಡಗುಗಳೇ ಅದರ ಬದುಕು. ವಿದ್ಯುತ್ ಉತ್ಪಾದನೆಗಾಗಿ ವಿದೇಶಿ ಬಂಡವಾಳಗಾರರು ಜಲಪಾತಗಳನ್ನು ಕೊಳ್ಳತೊಡಗಿದಾಗ ಸಂಸತ್ತು ಎಚ್ಚೆತ್ತುಕೊಂಡಿತು. ಖಾಸಗಿಯವರು ನಿಗದಿತ ವರ್ಷಗಳವರೆಗೆ ಜಲಪಾತವನ್ನು ಬಳಸಬಹುದು, ಅವಧಿ ಮುಗಿದ ಮೇಲೆ ಅಣೆಕಟ್ಟೆ, ಯಂತ್ರಗಳ ಸಮೇತ ಅದು ಪರಿಹಾರವಿಲ್ಲದೆ ಸರ್ಕಾರಕ್ಕೆ ಸೇರಬೇಕು ಎಂಬ ನಿಯಮ 1909ರಲ್ಲಿ ಕಾನೂನಾಯಿತು. ಪ್ರಕೃತಿ ಸಂಪತ್ತಿನ ಗಳಿಕೆ ಸಾರ್ವಜನಿಕರದ್ದು ಎಂಬ ವಾದಕ್ಕೆ ಆ ದೇಶದಲ್ಲಿ ಬೇರು ಸಿಕ್ಕಿದ್ದು ಇಲ್ಲಿಯೇ.

ನಾರ್ವೆಯ ಕರಾವಳಿಯಲ್ಲಿ ತೈಲ ಸಿಗುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲವೆಂದು ಅಲ್ಲಿನ ಭೂವಿಜ್ಞಾನ ಸಂಸ್ಥೆಯೇ 1958ರಲ್ಲಿ ಪತ್ರ ಬರೆದಿತ್ತು. ಮರುವರ್ಷವೇ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಭಾರಿ ಅನಿಲ ನಿಕ್ಷೇಪ ಪತ್ತೆಯಾಯಿತು. 1962ರಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯು ಸಮುದ್ರದಲ್ಲಿ ಶೋಧ ನಡೆಸುವ ಹಕ್ಕನ್ನು ತನಗೊಬ್ಬನಿಗೇ ಕೊಡಬೇಕೆಂದು ಕೇಳಿತು. ಸರ್ಕಾರ ಒಪ್ಪಲಿಲ್ಲ, 1963ರಲ್ಲಿ ಖಂಡಾವರಣದ (ಕರಾವಳಿಗೆ ಹೊಂದಿಕೊಂಡ ಸಮುದ್ರತಳದ) ಮೇಲೆ ತನ್ನ ಸಾರ್ವಭೌಮತ್ವ ಘೋಷಿಸಿ, ಎರಡು ವರ್ಷಗಳ ನಂತರ ಹಲವು ಕಂಪನಿಗಳಿಗೆ ಪರವಾನಗಿ ಹಂಚಿತು.

ಈ ನಡುವೆ ಒಂದು ಆಕಸ್ಮಿಕ ನಡೆಯಿತು. ಇರಾಕಿನ ಭೂವಿಜ್ಞಾನಿ ಫಾರೂಕ್ ಅಲ್-ಕಾಸಿಂ ಮಗನ ಚಿಕಿತ್ಸೆಗಾಗಿ ಹೆಂಡತಿಯ ತವರು ನಾರ್ವೆಗೆ 1968ರಲ್ಲಿ ಬಂದಿಳಿದರು. ಊರಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದ್ದುದರಿಂದ, ಓಸ್ಲೋದ ಕೈಗಾರಿಕಾ ಸಚಿವಾಲಯಕ್ಕೆ ಹೋಗಿ ಕೆಲಸ ಕೇಳಬಹುದಾದ ತೈಲ ಕಂಪನಿಗಳ ಪಟ್ಟಿ ಕೊಡಿ ಎಂದರು. ತೈಲ ಬಲ್ಲ ಸಿಬ್ಬಂದಿಯೇ ವಿರಳವಾಗಿದ್ದ ಆ ಕಚೇರಿ ಅವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. 1969ರ ಕೊನೆಯಲ್ಲಿ ಸಮುದ್ರದಲ್ಲಿ ಎಕೋಫಿಸ್ಕ್ ಎಂಬ ಭಾರಿ ತೈಲ ನಿಕ್ಷೇಪ ದೊರೆತಾಗ, ವ್ಯಾಪಾರ ಮಾಡುವ ಸರ್ಕಾರಿ ಕಂಪನಿ ಬೇರೆ, ನಿಯಂತ್ರಿಸುವ ಸಂಸ್ಥೆ ಬೇರೆ ಇರಬೇಕೆಂಬ ಕರಡು ರೂಪಿಸಿದವರಲ್ಲಿ ಅವರೂ ಒಬ್ಬರು. ಅದರಂತೆ 1972ರಲ್ಲಿ ಸ್ಟಾಟ್‌ಆಯಿಲ್ ಮತ್ತು ಪೆಟ್ರೋಲಿಯಂ ನಿರ್ದೇಶನಾಲಯ ಹುಟ್ಟಿದವು. ತೈಲ ಲಾಭದ ಮೇಲೆ ಈಗ ಶೇ 78ರಷ್ಟು ತೆರಿಗೆಯಿದೆ. ಆದರೂ ಕಂಪನಿಗಳು ಓಡಿಹೋಗಿಲ್ಲ. ಶೋಧದ ವೆಚ್ಚವನ್ನೂ ತೆರಿಗೆ ಲೆಕ್ಕದಲ್ಲಿ ಕಳೆಯಲು ಅವಕಾಶವಿರುವುದು ಇದಕ್ಕೆ ಒಂದು ಕಾರಣ.

ಹಣ ಬಂದ ಮೇಲೆ ಅದನ್ನು ಖರ್ಚು ಮಾಡದಿರುವುದು ಇನ್ನೂ ಕಷ್ಟ. 1990ರಲ್ಲಿ ತೈಲ ನಿಧಿಯ ಕಾನೂನು ಬಂದರೂ ಮೊದಲ ಠೇವಣಿ ಬಿದ್ದದ್ದು 1996ರಲ್ಲಿ. ದೇಶದೊಳಗೆ ಹಣ ಸುರಿದರೆ ಬೆಲೆ, ಕೂಲಿಗಳು ಏರಿ ಇತರ ಉದ್ಯಮಗಳು ಸೊರಗುತ್ತವೆಂದು ನಿಧಿಯನ್ನು ವಿದೇಶಗಳಲ್ಲಷ್ಟೇ ಹೂಡಲಾಗುತ್ತದೆ. ವರ್ಷಕ್ಕೆ ನಿಧಿಯ ಶೇ 4ರಷ್ಟನ್ನು ಮಾತ್ರ ಬಜೆಟ್ಟಿಗೆ ಬಳಸಬೇಕೆಂದು 2001ರಲ್ಲಿ ನಿಯಮ ಮಾಡಲಾಯಿತು; 2017ರಲ್ಲಿ ಅದು ಶೇ 3ಕ್ಕೆ ಇಳಿಯಿತು.

ಉಕ್ರೇನ್ ಯುದ್ಧದ ನಂತರ ಯುರೋಪು ರಷ್ಯಾದ ಅನಿಲದಿಂದ ದೂರ ಸರಿದಾಗ ನಾರ್ವೆಯ ಅನಿಲ ಆದಾಯ ಇದ್ದಕ್ಕಿದ್ದಂತೆ ಉಕ್ಕಿತು. ಆದರೆ ನಿಧಿ ಬೆಳೆದಷ್ಟೂ ಶೇ 3ರ ಕಡಿವಾಣ ಸಡಿಲವಾಗುತ್ತಿದೆ ಎಂಬುದು ನನ್ನ ಅನಿಸಿಕೆ: ಶೇಕಡಾವಾರು ಮಿತಿ ಬದಲಾಗದಿದ್ದರೂ ಮೊತ್ತ ಹಿಗ್ಗುತ್ತಲೇ ಹೋಗಿ, ಈಗ ಸರ್ಕಾರಿ ವೆಚ್ಚದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಈ ನಿಧಿಯಿಂದಲೇ ಬರುತ್ತಿದೆ. ವಿದೇಶಿ ಷೇರುಪೇಟೆಗಳು ಕುಸಿದರೆ ಓಸ್ಲೋದ ಬಜೆಟ್ ಲೆಕ್ಕವೂ ಅಲುಗಾಡುವ ಸ್ಥಿತಿ ಇದರಿಂದ ಬಂದಿದೆ.