ಆರು ಸೆಕೆಂಡು, ಒಂದು ಕವಡೆ

ನನ್ನ ಟೇಬಲ್ಲಿಗೆ ಹೊಸದಾಗಿ ಬಂದವರು ಮೊದಲ ಕಾಳಗದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕತ್ತಿ ಬೀಸಿ, ಡೈಸ್ ಉರುಳಿಸಿ, ಏಟು ಬಿತ್ತೋ ಇಲ್ಲವೋ ಅಂತ ನೋಡಿಯಾದ ಮೇಲೆ ತಲೆಯೆತ್ತಿ, "ಅಕ್ಕಾ, ನಂದು ಇನ್ನೇನಾದ್ರೂ ಬಾಕಿ ಇದ್ಯಾ?" ಅನ್ನುತ್ತಾರೆ. ಹೆಚ್ಚಿನ ಸಲ ಬಾಕಿ ಇರುತ್ತದೆ. ಏನು ಬಾಕಿ, ಯಾವಾಗ ಬಳಸಬಹುದು ಅನ್ನುವುದರಲ್ಲೇ ಅರ್ಧ ಆಟವಿದೆ.

ವಾರಾಂತ್ಯಗಳಲ್ಲಿ ಬೆಂಗಳೂರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಕಥೆ ಕಟ್ಟುತ್ತಾ ಆಡುವ ಆಟ ಆಡಿಸುವವಳು ನಾನು. ಆಟದ ಭಾಷೆಯಲ್ಲಿ ಡಿಎಂ, ಅಂದರೆ ಡಂಜನ್ ಮಾಸ್ಟರ್. ಆಟಗಾರರಿಗೆ ತಲಾ ಒಂದು ಪಾತ್ರ. ಮಿಕ್ಕ ಲೋಕವೆಲ್ಲ, ದರೋಡೆಕೋರನಿಂದ ಹಿಡಿದು ಮಳೆಯವರೆಗೆ, ನನ್ನ ಪಾಲಿಗೆ. ಮಾತುಕತೆ ನಡೆಯುವಷ್ಟು ಹೊತ್ತು ಯಾರು ಯಾವಾಗ ಬೇಕಾದರೂ ಬಾಯಿ ಹಾಕಬಹುದು. ಕತ್ತಿ ಒರೆಯಿಂದ ಹೊರಬಂತೋ, ಸರದಿ ಶುರು. ಎಲ್ಲರೂ ಇಪ್ಪತ್ತು ಮುಖದ ಡೈಸ್ ಎಸೆದು ತಮ್ಮ ಚುರುಕಿನ ಅಂಕವನ್ನು ಅದಕ್ಕೆ ಕೂಡಿಸುತ್ತಾರೆ. ಇದೇ ಇನಿಷಿಯೇಟಿವ್, ಹೆಚ್ಚು ಬಂದವರದು ಮೊದಲ ಟರ್ನ್. ಎಲ್ಲರ ಟರ್ನೂ ಒಂದು ಸುತ್ತು ಬಂದರೆ ಒಂದು ರೌಂಡ್. ಕಥೆಯೊಳಗೆ ಅದು ಬರೀ 6 ಸೆಕೆಂಡು. ಐದು ಜನ ಕೂತ ನನ್ನ ಟೇಬಲ್ಲಿನಲ್ಲಿ ಕಾಲು ಗಂಟೆ, ಒಮ್ಮೊಮ್ಮೆ ಕಾಫಿ ತಣ್ಣಗಾಗಿ ಕೆನೆ ಕಟ್ಟುವಷ್ಟು.

ಒಂದು ಟರ್ನಿನಲ್ಲಿ ಸಿಗುವುದು ಇಷ್ಟು: ನಡೆದಾಡಲು ಸಾಮಾನ್ಯವಾಗಿ 30 ಅಡಿ, ಒಂದು ಆಕ್ಷನ್, ಅದೃಷ್ಟವಿದ್ದರೆ ಒಂದು ಬೋನಸ್ ಆಕ್ಷನ್. ನಕ್ಷೆಯ ಒಂದು ಚೌಕ 5 ಅಡಿ, ಹಾಗಾಗಿ ಆರು ಮನೆ. ಅದನ್ನು ಒಂದೇ ಉಸಿರಿಗೆ ಖರ್ಚು ಮಾಡಬೇಕಿಲ್ಲ. ಎರಡು ಮನೆ ಹೋಗಿ ಹೊಡೆದು ನಾಲ್ಕು ಮನೆ ಬೇರೆ ಕಡೆ ಸರಿಯಬಹುದು. ಆಕ್ಷನ್ ಅಂದರೆ ಹೊಡೆಯುವುದಷ್ಟೇ ಅಲ್ಲ. ಮಂತ್ರ ಹಾಕಬಹುದು, ಇನ್ನೂ 30 ಅಡಿ ಓಡಬಹುದು, ಬರುವ ಏಟುಗಳಿಂದ ತಪ್ಪಿಸಿಕೊಳ್ಳುವುದರ ಮೇಲೇ ಗಮನ ಇಡಬಹುದು, ಜೊತೆಗಾರನಿಗೆ ನೆರವಾಗಬಹುದು. ಹೊಸಬರು ಇದನ್ನೆಲ್ಲ ಬಿಟ್ಟು ಹೊಡೆಯುತ್ತಲೇ ಇರುತ್ತಾರೆ. ನಾನೂ ಹಾಗೇ ಆಡುತ್ತಿದ್ದೆ ಬಿಡಿ.

ತೊಂದರೆ ಕೊಡುವುದು ಬೋನಸ್ ಅನ್ನುವ ಪದ. ಕೇಳಿದೊಡನೆ ಆಯುಧಪೂಜೆಯ ಬೋನಸ್ಸಿನ ಹಾಗೆ ಎಲ್ಲರಿಗೂ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ನಿಮ್ಮ ಪಾತ್ರದ ಯಾವುದೋ ವಿದ್ಯೆಯೋ ಮಂತ್ರವೋ 'ಇದನ್ನು ಬೋನಸ್ ಆಕ್ಷನ್ನಿನಲ್ಲಿ ಮಾಡಬಹುದು' ಅಂದರೆ ಮಾತ್ರ ಉಂಟು. ಬಳಸದ ಆಕ್ಷನ್ ಕೊಟ್ಟು ಎರಡನೇ ಬೋನಸ್ ಆಕ್ಷನ್ ತೆಗೆದುಕೊಳ್ಳುತ್ತೇನೆ ಅಂದರೂ ಆಗದು. ಬಿಎಂಟಿಸಿ ಪಾಸು ತೋರಿಸಿ ಮೆಟ್ರೋ ಹತ್ತಿದ ಹಾಗೆ. ಆಟದ 2014ರ ನಿಯಮಪುಸ್ತಕದಲ್ಲಿ ಗಾಯ ವಾಸಿಮಾಡುವ ಮದ್ದು ಕುಡಿಯಲು ಇಡೀ ಒಂದು ಆಕ್ಷನ್ ಬೇಕಿತ್ತು. 2024ರ ಪರಿಷ್ಕರಣೆ ಅದನ್ನು ಬೋನಸ್ ಆಕ್ಷನ್ ಮಾಡಿತು. ನಾನು ಈಗಲೂ 2014ರದ್ದನ್ನೇ ಆಡಿಸುವುದು, ಆದರೆ ಮದ್ದಿನ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ಉದಾರಿ. ಆರು ವಾರ ಸಾಕಿದ ಪಾತ್ರ ಶೀಸೆಯ ಬಿರಟೆ ತೆಗೆಯುತ್ತಾ ಸಾಯುವುದನ್ನು ನೋಡಲಾರೆ.

ಇಷ್ಟೂ ನಿಮ್ಮ ಟರ್ನಿನ ಮಾತು. ನನ್ನ ಪ್ರಕಾರ ಆಟದ ರುಚಿ ಇರುವುದು ಬೇರೆಯವರ ಟರ್ನಿನಲ್ಲಿ. ಚೌಕಾಬಾರದಲ್ಲಿ ಪಕ್ಕದವರು ಗರ ಹಾಕುವಾಗ ನಿಮಗೇನೂ ಕೆಲಸವಿಲ್ಲ. ನಿಮ್ಮ ಕಾಯಿ ಕಡಿದರೆ ಕಡಿಸಿಕೊಂಡು ಕೂರಬೇಕು. ಇಲ್ಲಿ ನಿಮ್ಮ ಹತ್ತಿರ ರಿಯಾಕ್ಷನ್ ಎಂಬ ಒಂದೇ ಒಂದು ಕಾಸು ಇರುತ್ತದೆ. ಪಕ್ಕದಲ್ಲಿ ನಿಂತ ಶತ್ರು ನಿಮ್ಮ ಕೈಗೆಟುಕುವ ದೂರ ದಾಟಿ ಕಾಲ್ತೆಗೆದರೆ, ಹೋಗುವವನಿಗೆ ಒಂದು ಬಾರಿಸಬಹುದು. ಬಾಣ ಎದೆಗೆ ಬಂದಾಗ ಮಂತ್ರವಾದಿ ಶೀಲ್ಡ್ ಮಂತ್ರ ಹೇಳಿ ತನ್ನ ರಕ್ಷಣಾಂಕಕ್ಕೆ, ಅಂದರೆ ಏಟು ತಗುಲಲು ಹೊಡೆಯುವವನ ಒಟ್ಟು ಮುಟ್ಟಬೇಕಾದ ಅಂಕಕ್ಕೆ, 5 ಸೇರಿಸಿಕೊಳ್ಳಬಹುದು. 'ಬಾಗಿಲು ತೆರೆದ ಕೂಡಲೇ ಬಾಣ ಬಿಡ್ತೀನಿ' ಅಂತ ಆಕ್ಷನ್ ಕೊಟ್ಟು ಕಾದು ನಿಂತವನು, ಬಾಗಿಲು ತೆರೆದಾಗ ರಿಯಾಕ್ಷನ್ನನ್ನೂ ಕೊಡಬೇಕು. ಬಾಗಿಲು ತೆರೆಯಲೇ ಇಲ್ಲವೋ, ಹೋಯಿತು. ಖರ್ಚಾದ ರಿಯಾಕ್ಷನ್ ವಾಪಸು ಬರುವುದು ನಿಮ್ಮ ಮುಂದಿನ ಟರ್ನ್ ಶುರುವಾದಾಗ.

ಯಾರದು ಖರ್ಚಾಯಿತು, ಯಾರದು ಉಳಿದಿದೆ ಅನ್ನುವುದಕ್ಕೆ ಪ್ರತಿ ವಾರ ಜಗಳ. ಅದಕ್ಕೆ ಅಜ್ಜಿಯ ಡಬ್ಬಿಯಿಂದ ಕವಡೆ ತಂದು ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟೆ. ಅಂಗಾತ ಇದ್ದರೆ ರಿಯಾಕ್ಷನ್ ಇದೆ, ಬೋರಲಾದರೆ ಇಲ್ಲ. ಆಮೇಲೆ ಜನ ಫೋನ್ ನೋಡುವುದು ಕಡಿಮೆಯಾಯಿತು. ಕಣ್ಣು ಕವಡೆಯ ಮೇಲೆ, ಕಿವಿ ನನ್ನ ಮೇಲೆ.

ಕಾಲದ ಅಳತೆ ಮೊದಲಿನಿಂದ ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಪುಸ್ತಕಗಳಲ್ಲಿ ಟರ್ನ್ ಅಂದರೆ ಹತ್ತು ನಿಮಿಷ, ಅದರೊಳಗೆ ಒಂದೊಂದು ನಿಮಿಷದ ಹತ್ತು ರೌಂಡ್. ರೌಂಡು 6 ಸೆಕೆಂಡಿಗೆ ಇಳಿದದ್ದು 2000ದ ಮೂರನೇ ಆವೃತ್ತಿಯಲ್ಲಿ. ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ 2019ರ ಎರಡನೇ ಆವೃತ್ತಿ ಬಗೆಬಗೆಯ ಆಕ್ಷನ್ ಎಂಬ ಭೇದವನ್ನೇ ತೆಗೆದು ಹಾಕಿತು: ಟರ್ನಿಗೆ ಮೂರು ಆಕ್ಷನ್, ಜೊತೆಗೊಂದು ರಿಯಾಕ್ಷನ್, ನಡೆಯುವುದಕ್ಕೂ ಒಂದು ಆಕ್ಷನ್. ಮೂರೂ ಸಲ ಹೊಡೆಯುತ್ತೇನೆ ಅನ್ನುವವರಿಗೆ ಎರಡನೇ ಏಟಿಗೆ 5, ಮೂರನೆಯದಕ್ಕೆ 10 ಅಂಕ ಕಡಿತ. ಹೊಸಬರಿಗೆ ಕಲಿಸಲು ಅದೇ ಸಲೀಸು ಅಂತ ಒಪ್ಪುತ್ತೇನೆ. ಆದರೆ ಅಲ್ಲಿ ಕಾಲ್ತೆಗೆಯುವವನಿಗೆ ಬಾರಿಸುವ ಹಕ್ಕು ಎಲ್ಲರಿಗೂ ಹುಟ್ಟಿನಿಂದ ಬಂದಿರುವುದಿಲ್ಲ, ನನ್ನ ಕವಡೆಗೆ ಕೆಲಸ ಕಡಿಮೆ.

ಹೋದ ತಿಂಗಳ ಒಂದು ಭಾನುವಾರದ ಕಥೆ ಹೇಳುತ್ತೇನೆ. ದರೋಡೆಕೋರರ ನಾಯಕನಿಗೆ ಪ್ರಾಣ 14 ಅಂಕ ಉಳಿದಿತ್ತು, ಗೊತ್ತಿದ್ದದ್ದು ನನಗೊಬ್ಬಳಿಗೇ. ಅವನ ಪಕ್ಕ ಮೂರು ಜನ: ಪೂಜಾರಿ, ಗುರಾಣಿ ಹಿಡಿದ ಯೋಧ, ಮತ್ತು ಕಳ್ಳ. ಇಂಗ್ಲಿಷಿನಲ್ಲಿ ಅವನು ರೋಗ್, ಕನ್ನಡದಲ್ಲಿ ಬರೆದರೆ ಕಾಯಿಲೆಯಾಗುತ್ತದೆಂದು ನಮ್ಮಲ್ಲಿ ಕಳ್ಳನೇ. ನಾಯಕನ ಟರ್ನ್ ಬಂತು. ಅವನ ಆಕ್ಷನ್ನಿನಲ್ಲಿ ಮೂರು ಏಟು, ಮೂರನ್ನೂ ಪೂಜಾರಿಯ ಮೇಲೆ ಬಿಟ್ಟೆ. ಮೊದಲನೆಯದಕ್ಕೆ ಯೋಧ ಗುರಾಣಿ ಅಡ್ಡ ಹಿಡಿದ. ಏಟು ತಪ್ಪಿತು, ಅವನ ಕವಡೆ ಬೋರಲಾಯಿತು. ಉಳಿದೆರಡಕ್ಕೆ ಪೂಜಾರಿ ನೆಲಕ್ಕೆ. ದಾರಿ ಸಾಫಾಯಿತೆಂದು ನಾಯಕನನ್ನು ಕಾಡಿನ ಕಡೆ ಓಡಿಸಿದೆ.

"ಅಕ್ಕಾ, ಒಂದ್ನಿಮಿಷ," ಅಂದ ಕಳ್ಳನ ಪಾತ್ರದ ಹುಡುಗ. ಅವನ ಕವಡೆ ಅಂಗಾತ ಮಲಗಿತ್ತು.

ಡೈಸ್ ಉರುಳಿಸಿದ, ಒಟ್ಟು 17. ನಾಯಕನ ರಕ್ಷಣಾಂಕ 15, ತಗುಲಿತು. ಪ್ರಾಣದಿಂದ ಕಳೆಯಬೇಕಾದ ಅಂಕ, ಕತ್ತಿಗೆ 5, ಚುರುಕಿಗೆ 3. ಅದರ ಮೇಲೆ ಕಳ್ಳನ ಕುಲವಿದ್ಯೆಯಾದ ಸ್ನೀಕ್ ಅಟ್ಯಾಕಿನ, ಅಂದರೆ ಹೊಂಚು ಏಟಿನ, ಎರಡು ಡೈಸ್ ಎತ್ತಿಕೊಂಡ. ಮಂತ್ರವಾದಿಯ ಪಾತ್ರದ ಹುಡುಗಿ ತಡೆದಳು: "ಈ ರೌಂಡಲ್ಲಿ ಆಗ್ಲೇ ಒಂದ್ಸಲ ಮಾಡಿದ್ನಲ್ಲ, ಮತ್ತೆ ಹೆಂಗೆ?" ಪುಸ್ತಕ ತೆಗೆದೆವು. ಅಲ್ಲಿರುವುದು 'ಟರ್ನಿಗೆ ಒಂದು ಸಲ' ಎಂದು. ರೌಂಡಿಗೆ ಒಂದು ಸಲ ಎಂದಲ್ಲ, 'ನಿನ್ನ ಟರ್ನಿಗೆ' ಎಂದೂ ಅಲ್ಲ. ಇದು ನಾಯಕನ ಟರ್ನ್, ಅಂದರೆ ಹೊಸ ಟರ್ನ್. ಜೊತೆಗಾರನಾದ ಯೋಧ ಇನ್ನೂ ನಾಯಕನ ಪಕ್ಕದಲ್ಲೇ ನಿಂತಿದ್ದರಿಂದ ಸ್ನೀಕ್ ಅಟ್ಯಾಕಿನ ಷರತ್ತೂ ಪೂರೈಸಿತ್ತು. ಡೈಸ್ ಬಿತ್ತು: 4, 3. ಒಟ್ಟು 15.

ಆಕ್ಷನ್ನನ್ನು ಪೂಜಾರಿಯ ಮೇಲೆ ಸುರಿಯದೆ, ಹುಷಾರಾಗಿ ಹಿಂದೆ ಸರಿಯುವ ಡಿಸ್‌ಎಂಗೇಜಿಗೆ ಕೊಟ್ಟಿದ್ದರೆ ನಾಯಕ ಯಾರ ಏಟೂ ತಿನ್ನದೆ ಕಾಡು ಸೇರುತ್ತಿದ್ದ. ದುರಾಸೆ ನನ್ನದು. ಅವನು ತಪ್ಪಿಸಿಕೊಂಡು ಹೋಗಿ ಕಟ್ಟಬೇಕಿದ್ದ ಕೋಟೆಯ ನಕ್ಷೆ, ಮೂರು ಪುಟ ಟಿಪ್ಪಣಿ, ಅವನ ತಂಗಿಯ ಹೆಸರು, ಎಲ್ಲ ಇನ್ನೂ ನನ್ನ ಚೀಲದಲ್ಲೇ ಇವೆ.