ಮರದ ಯಜಮಾನನಿಗೆ ಎಷ್ಟು ಸಿಗುತ್ತದೆ?

ಊರುಗಳಿಗೆ ಪ್ರವಾಸೋದ್ಯಮದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಹಕ್ಕಿಗಳು ಗೂಡು ಕಟ್ಟುವ ಊರು ಕೊಕ್ಕರೆ ಬೆಳ್ಳೂರಿನ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ರೆಸಾರ್ಟು, ವೀಕ್ಷಣಾ ಗೋಪುರ, ಅಗಲ ರಸ್ತೆ. ನಾನು ಮೊದಲು ಕೇಳುವುದು ಹುಣಸೆಮರದ ಯಜಮಾನನ ಲೆಕ್ಕ.

ರಂಗನತಿಟ್ಟು ಬೇರೆ. ಅದು ಕಾವೇರಿ ನಡುವಿನ ನಡುಗಡ್ಡೆಗಳು. 1940ರಲ್ಲೇ ಪಕ್ಷಿಧಾಮವಾಯಿತು, ಟಿಕೆಟ್ ಕೊಟ್ಟು ಒಳಗೆ ಬಿಡಬಹುದು. ಮದ್ದೂರು ತಾಲ್ಲೂಕಿನ ಬೆಳ್ಳೂರಿಗೆ ಎಲ್ಲಿ ಗೇಟು ಹಾಕುತ್ತೀರಿ? ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಜನರ ಹಿತ್ತಿಲ ಹುಣಸೆಮರಗಳಲ್ಲಿ. ಹಾಗಾಗಿಯೇ 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಮಾಡಿದರು. ಅಂದರೆ ಹಕ್ಕಿ ಉಳಿಯುವುದು ಊರವರು ಮನಸ್ಸು ಮಾಡಿದರೆ ಮಾತ್ರ.

ಒಂದು ಮರದ ಕೆಳಗೆ ನಿಂತು ನೋಡಿ. ಎಲೆ, ಕೊಂಬೆ, ಕಾಯಿ ಎಲ್ಲಾ ಹಿಕ್ಕೆ ಬಿದ್ದು ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಮೀನಿನ ವಾಸನೆ ಮೂಗಿಗೆ ರಾಚುತ್ತದೆ. ಹುಣಸೆ ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿ ಇರುತ್ತದೆ. ಮರ ಅಲ್ಲಾಡಿಸಿದರೆ ಮರಿ ಬಿತ್ತು ಅಂತಲೇ ಲೆಕ್ಕ. ಹಾಗಾಗಿ ಯಜಮಾನ ಫಸಲಿನ ಆಸೆ ಕೈಬಿಡಬೇಕು. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಮರಕ್ಕಿಷ್ಟು ಅಂತ ಪರಿಹಾರವೂ ಇದೆ. ಆದರೆ ಹುಣಸೆಗೆ ಒಳ್ಳೆ ರೇಟು ಬಂದ ವರ್ಷ ಆ ದುಡ್ಡು ಸಾಲದು. "ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣಪ್ಪಾ" ಎಂದು ಇಲ್ಲಿನ ಹಿರಿಯರು ಹಕ್ಕಿಗಳ ಬಗ್ಗೆ ಹೇಳುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಆದರೆ ಬಾಣಂತನಕ್ಕೂ ಖರ್ಚಿದೆ ಅಲ್ವಾ? ಅದನ್ನು ಆ ಮನೆಯೊಂದೇ ಯಾಕೆ ಹೊರಬೇಕು?

ಪ್ರವಾಸಿಗರು ಬರುತ್ತಾರೆ, ಅರ್ಧ ಗಂಟೆ ಫೋಟೋ ತೆಗೆಯುತ್ತಾರೆ, ಊಟಕ್ಕೆ ಹೆದ್ದಾರಿ ಹೋಟೆಲಿಗೆ ಹೋಗುತ್ತಾರೆ. ಊರಿಗೆ ಉಳಿಯುವುದು ಧೂಳು, ಪ್ಲಾಸ್ಟಿಕ್ ಬಾಟಲಿ.

ನನ್ನ ಸಲಹೆ ದೊಡ್ಡದೇನಲ್ಲ. ಕಾರುಗಳು ಊರಾಚೆ ನಿಲ್ಲಲಿ. ಊರ ಹುಡುಗರೇ ಹಕ್ಕಿ ತೋರಿಸಲಿ, ಊರ ಮನೆಗಳಲ್ಲೇ ಮುದ್ದೆ, ಉಪ್ಸಾರು ಸಿಗಲಿ. ಬಂದ ದುಡ್ಡಿನಲ್ಲಿ ಗೂಡಿರುವ ಪ್ರತಿ ಮರಕ್ಕೂ ಒಂದು ಪಾಲು ಇರಲಿ. ರಸ್ತೆ ಅಗಲ ಮಾಡುವ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಬದಿಯ ಅರಳಿಮರ ಉರುಳಿಸಲು ಒಂದು ದಿನ ಸಾಕು, ಹೆಜ್ಜಾರ್ಲೆ ಕೂರುವಷ್ಟು ಇನ್ನೊಂದು ಬೆಳೆಯಲು ಒಂದು ತಲೆಮಾರು ಬೇಕು. ಕೆರೆಗಳೂ ಉಳಿಯಬೇಕು. ಮೀನಿಲ್ಲದ ಕಡೆ ಹೆಜ್ಜಾರ್ಲೆ ಯಾಕೆ ಬರುತ್ತದೆ?

ಫೆಬ್ರವರಿಯಲ್ಲಿ ಹೋಗುವವರಿದ್ದರೆ ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ. ವಾಪಸು ಬರುವಾಗ ಅಲ್ಲಿಯ ಯಾವುದಾದರೂ ಮನೆಯಲ್ಲಿ ಎರಡು ಕೆಜಿ ಹುಣಸೆಹಣ್ಣು ಕೊಳ್ಳಿ, ಚೌಕಾಸಿ ಮಾಡದೆ.